ಮಾವಳ್ಳಿಯ ಉಪಾಹಾರಗೃಹವೂ ರವೆ ಇಡ್ಲಿಯೂ

ನಾಡಿನ ಆಹಾರಚರಿತ್ರೆಯನ್ನು ವಿಚಾರಿಸುವವರು ಸಾಮಾನ್ಯವಾಗಿ ಕಾವ್ಯಗಳನ್ನೂ ಶಾಸ್ತ್ರಗ್ರಂಥಗಳನ್ನೂ ಆಶ್ರಯಿಸುವರು. ಒಂದು ಭಕ್ಷ್ಯವು ಎಂದು ಬಳಕೆಯಲ್ಲಿದ್ದಿತೆಂಬುದು ಅವುಗಳಿಂದ ತಿಳಿಯುವುದು. ಅದು ಏತಕ್ಕೆ ರೂಪಾಂತರ ಹೊಂದಿತೆಂಬುದು ತಿಳಿಯುವುದು ವಿರಳ. ಈ ಎರಡನೆಯ ಪ್ರಶ್ನೆಗೆ, ಬಹುಕಾಲ ಒಂದೇ ನೆರೆಯಲ್ಲಿ ನಡೆದುಬಂದಿರುವ ಉಪಾಹಾರಗೃಹಗಳ ಅಡುಗೆಮನೆಯಲ್ಲಿ ಉತ್ತರವನ್ನು ಅರಸಬಹುದಾಗಿದೆ. ಬೆಂಗಳೂರಿನ ಲಾಲ್‌ಬಾಗಿನ ಬಳಿಯಿರುವ ಮಾವಳ್ಳಿ ಟಿಫಿನ್ ರೂಮ್ಸ್ ಇದಕ್ಕೆ ಯೋಗ್ಯವಾದ ನಿದರ್ಶನ.

ಈ ಸಂಸ್ಥೆಯನ್ನು ೧೯೨೪ರಲ್ಲಿ ಸ್ಥಾಪಿಸಿದವರು ಕರಾವಳಿಯಿಂದ ಬಂದ ಪಾರಂಪಳ್ಳಿಯ ಮಯ್ಯ ಸಹೋದರರು. ಮೊದಲು ಅದಕ್ಕೆ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿದ್ದಿತು. ಅಡುಗೆಯವರ ಜಾತಿಯನ್ನು ಹಲಗೆಯ ಮೇಲೆ ಸಾರುವುದು ಆ ಕಾಲದ ವಾಡಿಕೆ. ಪಂಕ್ತಿಭೇದವೂ ಅನೇಕ ಹೋಟೆಲುಗಳಲ್ಲಿ ನಡೆಯುತ್ತಿದ್ದಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿಯು ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶದಲ್ಲಿ ಜಾತಿಭೇದವನ್ನು ಸ್ಪಷ್ಟವಾಗಿ ನಿಷೇಧಿಸಿತು. ಯಜ್ಞನಾರಾಯಣ ಮಯ್ಯನವರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳನ್ನು ನೋಡಿಬಂದು, ಪಾತ್ರೆಗಳ ಶುದ್ಧಿಯಲ್ಲಿ ಹೊಸ ಕಟ್ಟುನಿಟ್ಟನ್ನು ತಂದರು. ೧೯೬೦ರಲ್ಲಿ ಸಂಸ್ಥೆಯು ಈಗಿನ ಕಟ್ಟಡಕ್ಕೆ ಬಂದು, ಜಾತಿಯ ಹೆಸರನ್ನು ಬಿಟ್ಟು ಬಡಾವಣೆಯ ಹೆಸರನ್ನು ಧರಿಸಿತು.

ರವೆ ಇಡ್ಲಿಯು ಇಲ್ಲಿಯೇ ಹುಟ್ಟಿತೆಂದು ಸಂಸ್ಥೆಯವರ ಹೇಳಿಕೆ. ೧೯೪೨ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಲಾಗಿ, ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅನ್ನವನ್ನೇ ನೆಚ್ಚಿದ್ದ ದಕ್ಷಿಣ ದೇಶಕ್ಕೆ ಇದು ಬಲವಾದ ಪೆಟ್ಟಾಯಿತು. ಅಕ್ಕಿಯಿಲ್ಲದೆ ಇಡ್ಲಿಯನ್ನು ಮಾಡುವ ಬಗೆಯನ್ನು ಹುಡುಕಿದಾಗ ಗೋದಿಯ ರವೆಯು ಒದಗಿತು.

ಇದು ಕೇವಲ ಧಾನ್ಯದ ಬದಲಾವಣೆಯಲ್ಲ. ಅಕ್ಕಿಯ ಇಡ್ಲಿಯಲ್ಲಿ ಅಕ್ಕಿಯನ್ನೂ ಉದ್ದನ್ನೂ ನೆನೆಸಿ, ರುಬ್ಬಿ, ರಾತ್ರಿಯೆಲ್ಲ ಹುದುಗಲು ಬಿಡುವರು. ಕಣ್ಣಿಗೆ ಕಾಣದ ಜೀವಾಣುಗಳು ಉತ್ಪತ್ತಿಮಾಡುವ ವಾಯುವನ್ನು ಉದ್ದಿನ ಲೋಳೆಯು ಹಿಡಿದಿಡುವುದರಿಂದ ಹಿಟ್ಟು ಉಬ್ಬುವುದು. ರವೆ ಇಡ್ಲಿಯಲ್ಲಿಯಾದರೋ ಹುರಿದ ರವೆಗೆ ಮೊಸರನ್ನೂ ಸೋಡವನ್ನೂ ಬೆರಸುವರು. ಮೊಸರಿನ ಆಮ್ಲವು ಸೋಡದೊಡನೆ ಸೇರಿ ಇಂಗಾಲಾಮ್ಲ ವಾಯುವನ್ನು ಹೊರಪಡಿಸುವುದು. ರಾತ್ರಿಯಿಡೀ ನಡೆಯಬೇಕಾದ ಕಾರ್ಯವು ಅಲ್ಪಕಾಲದಲ್ಲಿಯೇ ಮುಗಿಯುವುದು.

ಇಂಥ ಇಡ್ಲಿಯು ಸಂಪ್ರದಾಯಕ್ಕೆ ಹೊರಗೆಂದು ಕೆಲವರಿಗೆ ತೋರಬಹುದು. ಆದರೆ ಹಳೆಯ ಗ್ರಂಥಗಳು ಬೇರೆಯ ಮಾತನ್ನೇ ಹೇಳುತ್ತವೆ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುವುದು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವಿದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸುವುದು. ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದ ಇಡ್ಡರಿಕೆಯೂ ಉದ್ದಿನದೇ. ಇವುಗಳಲ್ಲಿ ಅಕ್ಕಿಯ ಮಾತಿಲ್ಲ, ರಾತ್ರಿಯೆಲ್ಲ ಹುದುಗಿಸುವ ಮಾತೂ ಇಲ್ಲ. ಆದುದರಿಂದ ಅಕ್ಕಿಯು ಸಹ ಇಡ್ಲಿಯೊಳಕ್ಕೆ ಮುಂದೊಂದು ಕಾಲದಲ್ಲಿ ಬಂದ ಅತಿಥಿಯೇ ಎನ್ನಬೇಕಾಗುವುದು. ರವೆಯು ಎರಡನೆಯ ಅತಿಥಿ. ಮೊಸರಾದರೋ ಹಳೆಯ ನೆಂಟ.

ಮೊದಲನೆಯ ಅಭಾವವು ಕಲಿಸಿದ ಪಾಠವು ಮುಂದಿನ ಸಂಕಟದಲ್ಲಿ ಉಪಯೋಗಕ್ಕೆ ಬಂದಿತು. ೧೯೭೫ರಲ್ಲಿ ತುರ್ತುಪರಿಸ್ಥಿತಿ ಘೋಷಿತವಾದ ಮೇಲೆ ತಿಂಡಿಗಳ ಬೆಲೆಯನ್ನು ಇಳಿಸಬೇಕೆಂಬ ಆಜ್ಞೆಯಾಯಿತು. ಆ ಬೆಲೆಗೆ ತುಪ್ಪವನ್ನೂ ಒಳ್ಳೆಯ ಸಾಮಗ್ರಿಯನ್ನೂ ಬಳಸುವುದು ಅಸಾಧ್ಯವಾಗಲು, ಗುಣವನ್ನು ಇಳಿಸುವುದಕ್ಕಿಂತ ಬಾಗಿಲನ್ನು ಮುಚ್ಚುವುದೇ ಲೇಸೆಂದು ಸಂಸ್ಥೆಯವರು ನಿಶ್ಚಯಿಸಿದರು. ಕೆಲಸಗಾರರ ಜೀವನಕ್ಕೆ ದಾರಿಯಾಗಲೆಂದು ಸಿದ್ಧಹಿಟ್ಟುಗಳ ಪೊಟ್ಟಣಗಳನ್ನು ಮಾರತೊಡಗಿದರು. ರವೆ ಇಡ್ಲಿಯ ಹಿಟ್ಟು ಅವುಗಳಲ್ಲೊಂದು. ಹುದುಗಿದ ಅಕ್ಕಿಯ ಹಿಟ್ಟು ಬೇಗ ಹುಳಿತು ಕೆಡುವುದು, ಅದನ್ನು ಪೊಟ್ಟಣದಲ್ಲಿ ಕಟ್ಟಿ ದೂರದೇಶಕ್ಕೆ ಕಳುಹಿಸುವುದು ಕಷ್ಟ. ಹುರಿದ ರವೆಯೂ ಸೋಡವೂ ಒಣಗಿದ್ದಷ್ಟು ಕಾಲವೂ ಸುಮ್ಮನಿರುವುವು. ಮೊಸರು ಸೇರಿದ ಬಳಿಕವೇ ಅವುಗಳ ಕೆಲಸ. ಅಕ್ಕಿಯ ಅಭಾವದಿಂದ ಹುಟ್ಟಿದ ಉಪಾಯವೇ ಈ ವ್ಯಾಪಾರಕ್ಕೂ ಅನುಕೂಲವಾಯಿತು. ಈ ಪೊಟ್ಟಣಗಳ ಉದ್ಯಮವು ೨೦೦೭ರಲ್ಲಿ ನಾರ್ವೆ ದೇಶದ ಆರ್ಕ್ಲಾ ಸಂಸ್ಥೆಯ ವಶವಾಯಿತು. ಮತ್ತೆ ತೆರೆದ ಉಪಾಹಾರಗೃಹವು ಮಯ್ಯರ ಕುಟುಂಬದಲ್ಲಿಯೇ ಉಳಿದಿದೆ.

ಇದರಿಂದ ತಿಳಿದುಬರುವುದೇನೆಂದರೆ, ಧಾನ್ಯವನ್ನು ಬಿಡದಿರುವುದೇ ಸಂಪ್ರದಾಯರಕ್ಷಣೆಯಲ್ಲ. ಈ ಸಂಸ್ಥೆಯು ಅಕ್ಕಿಯನ್ನು ಬಿಟ್ಟಿತು, ಹಳೆಯ ಹೆಸರನ್ನು ಬಿಟ್ಟಿತು, ಕೆಲವು ಕಾಲ ವ್ಯಾಪಾರವನ್ನೇ ಬಿಟ್ಟಿತು. ಗುಣವನ್ನು ಮಾತ್ರ ಬಿಡಲೊಲ್ಲದೆ ಹೋಯಿತು. ಬೀದಿಯ ಉಪಾಹಾರಗೃಹವೊಂದು ತಲೆಮಾರುಗಳ ಕಾಲ ನಿಲ್ಲುವುದರ ಕಾರಣವು, ಯಾವುದನ್ನು ಬಿಡಬಹುದು ಯಾವುದನ್ನು ಬಿಡಬಾರದು ಎಂಬ ಈ ವಿವೇಕದಲ್ಲಿಯೇ ಅಡಗಿದೆ.