ಕೋಡಿಗಿಂತ ಒಂದು ಮೀಟರ್ ಕೆಳಗೆ

2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹಾನಗಲ್ಲ, ಸವಣೂರು ಸೀಮೆಯ ಹೊಲ ಮನೆಗಳಿಗೆ ನುಗ್ಗಿತು. ಮಳೆ ಕೈಕೊಟ್ಟ ವರ್ಷ ಇದೇ ಸೀಮೆಯಲ್ಲಿ ಕೊಳವೆಬಾವಿಗಳು ಬತ್ತುತ್ತವೆ. ಎರಡಕ್ಕೂ ಮದ್ದು ಊರಾಚೆಯ ಕೆರೆಯಲ್ಲಿದೆ ಎಂಬುದು ನನ್ನ ನಂಬಿಕೆ. ಆದರೆ ಕೆರೆಯಲ್ಲಿ ನೀರಿದ್ದರಷ್ಟೇ ಸಾಲದು, ಜಾಗವೂ ಇರಬೇಕು.

ಲೆಕ್ಕ ನೋಡಿ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5 ಕೋಟಿ ಲೀಟರ್ ನೀರು. ಅರ್ಧ ಹರಿದುಹೋಯಿತೆನ್ನಿ, ಎರಡೂವರೆ ಕೋಟಿ. ಐವತ್ತು ಎಕರೆ ಹರವಿನ ಕೆರೆಯೊಂದರ ನೀರು ಕೋಡಿಗಿಂತ ಒಂದು ಮೀಟರ್ ಕೆಳಗಿದ್ದರೆ ಇನ್ನೂ 20 ಕೋಟಿ ಲೀಟರ್ ಹಿಡಿಯುತ್ತದೆ. ಅಂದರೆ ಎಂಟು ಚದರ ಕಿಲೋಮೀಟರ್‌ನ ಹರಿವು ಆ ದಿನ ನದಿಯ ಮುಖವನ್ನೇ ನೋಡುವುದಿಲ್ಲ.

ತುಂಬಿದ ಕೆರೆಯೂ ನಿಷ್ಪ್ರಯೋಜಕವಲ್ಲ. ಕೋಡಿಯ ಮೇಲೆ 30 ಸೆಂಟಿಮೀಟರ್ ನೀರು ಏರಿದರೆ ಅದೇ ಕೆರೆಯಲ್ಲಿ ಮತ್ತೆ 6 ಕೋಟಿ ಲೀಟರ್ ತಾತ್ಕಾಲಿಕವಾಗಿ ನಿಂತು ನಿಧಾನ ಇಳಿಯುತ್ತದೆ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಕೆರೆಸಾಲಿನಲ್ಲಿ ಈ ತಡ ಕೂಡುತ್ತಾ ಹೋಗಿ, ನೆರೆಯ ಶಿಖರ ತಗ್ಗುತ್ತದೆ. ಸಾಗರದ ಕಡೆಯ ವರದಾಮೂಲದಿಂದ ಬನವಾಸಿ ಹಾಯ್ದು ಬರುವ ಮಲೆನಾಡಿನ ನೀರನ್ನು ನಮ್ಮ ಕೆರೆಗಳು ತಡೆಯಲಾರವು, ನಿಜ. ಆದರೆ ಅದು ಬರುವ ಹೊತ್ತಿಗೇ ನಮ್ಮ ಹಳ್ಳಗಳ ನೀರೂ ಹೋಗಿ ಕೂಡದಂತೆ ನೋಡಿಕೊಳ್ಳಬಹುದಲ್ಲ!

ಎರೆ ಹೊಲಗಳಲ್ಲಿ ಇದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ಬಾಯ್ಬಿಟ್ಟ ಎರೆ ಮೊದಲ ಮಳೆಗಳನ್ನು ಬಿರುಕಿನೊಳಗೆ ಇಳಿಸಿಕೊಳ್ಳುತ್ತದೆ. ನೆನೆದಂತೆ ಜೇಡಿ ಉಬ್ಬಿ ಬಿರುಕು ಮುಚ್ಚುತ್ತದೆ, ಮುಂದಿನ ಮಳೆಯ ಹೆಚ್ಚಿನ ಪಾಲು ಮೇಲೆಯೇ ಹರಿಯುತ್ತದೆ. ಆ ನೀರು ಗೋವಿನಜೋಳದ ಹೊಲದ ಮಣ್ಣನ್ನೂ ಅದಕ್ಕಂಟಿದ ರಂಜಕವನ್ನೂ ಹೊತ್ತೊಯ್ಯುತ್ತದೆ. ಕೆರೆಯಲ್ಲಿ ನಿಂತರೆ ಮಣ್ಣು ತಳಕ್ಕಿಳಿದು ತಿಳಿನೀರು ಮುಂದೆ ಹೋಗುತ್ತದೆ. ನದಿ ಉಳಿಯುವುದು ಹೀಗೆ. ಆ ಹೂಳನ್ನು ತೆಗೆಯದಿದ್ದರೆ ಕೆರೆಯೇ ಉಳಿಯುವುದಿಲ್ಲ. ಮಸಾರಿ ಹೊಲಕ್ಕೆ ಅದನ್ನು ಹೇರಿದರೆ ನೀರು ಹಿಡಿಯುವ ಗುಣ ಅಲ್ಲಿಯೂ ಹೆಚ್ಚುತ್ತದೆ.

ಇದೆಲ್ಲ ಈ ನೆಲಕ್ಕೆ ಹೊಸದಲ್ಲ. ಹಿರೇಕೆರೂರು ಸೀಮೆಯ ಮಾಸೂರಿನ ಬಳಿ, ಕುಮುದ್ವತಿ ನದಿ ಗುಡ್ಡಗಳ ಸಂದಿಯಲ್ಲಿ ಹಾಯುವ ಕಡೆ, ವಿಜಯನಗರದ ಕಾಲದವರು ಏರಿ ಹಾಕಿ ಮದಗದ ಕೆರೆ ಕಟ್ಟಿದರು. ಹಾನಗಲ್ಲಿನಲ್ಲಿ ಧರ್ಮಾ ನದಿಯ ನೀರನ್ನು ಕಾಲುವೆಯಲ್ಲಿ ತಂದು ಕೆರೆಯಿಂದ ಕೆರೆಗೆ ತುಂಬಿಸುತ್ತ ಬಂದಿದ್ದಾರೆ. ಸವಣೂರಿಗೆ ಮೋತಿ ತಲಾಬ್ ಇದೆ.

ಈಗ ಏತ ನೀರಾವರಿಯಿಂದ ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರಿನ ಕೆರೆಗಳಿಗೆ ನದಿ ನೀರು ಬರುತ್ತಿದೆ. ರೈತರಿಗೆ ಇದು ದೊಡ್ಡ ಆಸರೆ. ನನ್ನ ಆತಂಕ ಒಂದೇ: ಮುಂಗಾರಿನ ಆರಂಭದಲ್ಲೇ ಪಂಪಿನಿಂದ ಕೋಡಿಮಟ್ಟ ಮುಟ್ಟಿಸಿದ ಕೆರೆಗೆ ದೊಡ್ಡ ಮಳೆಯ ದಿನ ಜಾಗ ಎಲ್ಲಿ? ಜುಲೈ, ಆಗಸ್ಟ್‌ನಲ್ಲಿ ಕೆರೆಯನ್ನು ತನ್ನ ಹಳ್ಳದ ನೀರಿಗೇ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಮಾತ್ರ ನದಿಯಿಂದ ಎತ್ತಬೇಕು. ಅದಕ್ಕೆ ಪ್ರತಿ ಕೆರೆಯ ತೂಬಿನ ಬಳಿ ನೀರಿನ ಮಟ್ಟ ತೋರುವ ಅಳತೆಗಲ್ಲೊಂದು, ಅದನ್ನು ದಿನವೂ ಬರೆದಿಡುವ ಒಬ್ಬರು ಬೇಕು. ಈ ಬೇಸಿಗೆಯಲ್ಲೇ ಗ್ರಾಮ ಪಂಚಾಯತಿಗಳು ಇದನ್ನು ಶುರುಮಾಡಬಹುದು.