ಚಳಿಯೂರಿನಲ್ಲಿ ಎ.ಸಿ. ಕೆಟ್ಟರೆ: ಷಿಕಾಗೊ ಬಿಲ್ಲಿನ ಲೆಕ್ಕಾಚಾರ

ಇಪ್ಪತ್ತು ಡಾಲರ್ ಬೆಲೆಯ ಒಂದು ಬಿಡಿಭಾಗ. ಅದನ್ನು ಬದಲಿಸಿದ್ದಕ್ಕೆ ಮುನ್ನೂರು ಡಾಲರ್ ಬಿಲ್. ಅಮೆರಿಕದ ಷಿಕಾಗೊ ನಗರದ ಹಳೆಯ ಮನೆಗಳಲ್ಲಿ ಎ.ಸಿ. ದುರಸ್ತಿ ಮಾಡಿಸುವವರಿಗೆ ಇಂಥ ಬಿಲ್ಲು ಹೊಸದೇನಲ್ಲ. ಹಿಮ ಬೀಳುವ ಊರಿನಲ್ಲಿ ಎ.ಸಿ.ಗೆ ಇಷ್ಟು ದುಡ್ಡು ಸುರಿಯಬೇಕೇ ಎಂಬ ಪ್ರಶ್ನೆ ಸಹಜ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಕರ್ನಾಟಕದಿಂದ ಅಲ್ಲಿಗೆ ತೆರಳುವ ಹಿರಿಯರಂತೂ ‘ನಾವು ಕಾಣದ ಸೆಕೆಯೇ’ ಎಂದು ನಕ್ಕುಬಿಡಬಹುದು. ಆದರೆ ಆ ನಗರದ ಬೇಸಿಗೆಯ ಇತಿಹಾಸ ನಗುವಂಥದ್ದಲ್ಲ.

1985ರ ಜನವರಿ 20ರಂದು ಷಿಕಾಗೊದ ತಾಪಮಾನ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅದೇ ನಗರದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 1995ರ ಜುಲೈ 13ರಂದು 41 ಡಿಗ್ರಿ ದಾಖಲಾಯಿತು. ಗಾಳಿಯಲ್ಲಿ ವಿಪರೀತ ತೇವಾಂಶ, ರಾತ್ರಿಯೂ ಇಳಿಯದ ಬಿಸಿ. ಆ ಒಂದು ವಾರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರು. ಶವಾಗಾರದಲ್ಲಿ ಸ್ಥಳ ಸಾಲದೆ ಶೀತಲೀಕೃತ ಲಾರಿಗಳನ್ನು ತರಿಸಿ ನಿಲ್ಲಿಸಬೇಕಾಯಿತು. ಬಿಸಿಲಿಗೆ ಬಲಿಯಾದವರಲ್ಲಿ ಬಹುಪಾಲು 65 ವರ್ಷ ದಾಟಿದವರು, ಅವರಲ್ಲೂ ಒಂಟಿಯಾಗಿದ್ದ ಬಡವರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ 2002ರಲ್ಲಿ ಪ್ರಕಟಿಸಿದ ‘ಹೀಟ್ ವೇವ್’ ಕೃತಿಯ ವಸ್ತುವೇ ಈ ದುರಂತ. ಆದ್ದರಿಂದ ಅಲ್ಲಿ ಎ.ಸಿ. ಕೆಡುವುದೆಂದರೆ ಬರೀ ಸೌಕರ್ಯ ತಪ್ಪುವುದಲ್ಲ.

ದುಬಾರಿಯ ಮೂಲ ಮನೆಯ ಗೋಡೆಯಲ್ಲೇ ಇದೆ. ನಗರದ ಹಳೆಯ ಬಡಾವಣೆಗಳ ಬಹಳಷ್ಟು ಮನೆಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಿದಂಥವು: ಮಹಡಿಗೊಂದು ಸಂಸಾರ ವಾಸಿಸುವ ಇಟ್ಟಿಗೆಯ ‘ಟೂ-ಫ್ಲಾಟ್’, ‘ತ್ರೀ-ಫ್ಲಾಟ್’ಗಳು ಮತ್ತು ‘ಬಂಗಲೋ’ಗಳು. (ಬಂಗಲೋ ಎಂಬುದು ನಮ್ಮ ‘ಬಂಗಲೆ’ಯೇ; ಇಲ್ಲಿಂದ ಹೋದ ಪದ ಅಲ್ಲಿ ನೆಲೆಸಿದೆ.) ಇವುಗಳನ್ನು ಕಟ್ಟಿದವರ ಚಿಂತೆ ಚಳಿಯದು ಮಾತ್ರ. ನೆಲಮಾಳಿಗೆಯಲ್ಲೊಂದು ಬಾಯ್ಲರ್, ಅಲ್ಲಿಂದ ಹಬೆ ಅಥವಾ ಬಿಸಿನೀರು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರ್‌ಗೆ ಹರಿಯುತ್ತದೆ. ಗಾಳಿ ಸಾಗುವ ಡಕ್ಟ್ ಇಂಥ ಮನೆಗಳಲ್ಲಿ ಇರುವುದೇ ಇಲ್ಲ. ಬೇಸಿಗೆ ಬಂದರೆ ಇಟ್ಟಿಗೆ ಗೋಡೆಗಳು ಹಗಲಿಡೀ ಬಿಸಿಯನ್ನು ಹೀರಿ ರಾತ್ರಿ ಒಳಗೆ ಬಿಡುತ್ತವೆ. ಚಪ್ಪಟೆ ಛಾವಣಿಯ ಕೆಳಗಿನ ಮೇಲ್ಮಹಡಿ ಒಲೆಯೇ ಸರಿ.

ಡಕ್ಟ್ ಇಲ್ಲದವರು ಕಿಟಕಿ ಎ.ಸಿ. ಇಟ್ಟುಕೊಳ್ಳುತ್ತಾರೆ, ಇಲ್ಲವೇ ನಮ್ಮಲ್ಲಿ ಸ್ಪ್ಲಿಟ್ ಎನ್ನುವ ಗೋಡೆ ಎ.ಸಿ. ಹಾಕಿಸುತ್ತಾರೆ. ಸಣ್ಣ ಕಿಟಕಿ ಎ.ಸಿ.ಯನ್ನು ಅಲ್ಲಿ ಯಾರೂ ದುರಸ್ತಿ ಮಾಡಿಸುವುದಿಲ್ಲ ಎಂದರೂ ನಡೆದೀತು. ಹೊಸದರ ಬೆಲೆ ಸಾಮಾನ್ಯವಾಗಿ 150ರಿಂದ 300 ಡಾಲರ್. ಮೆಕ್ಯಾನಿಕ್ ಮನೆ ಬಾಗಿಲಿಗೆ ಬಂದು ನೋಡುವ ಶುಲ್ಕವೇ 100 ಡಾಲರ್ ದಾಟುವುದುಂಟು. ದುರಸ್ತಿಯ ನಿಜವಾದ ತಲೆನೋವು ಸ್ಪ್ಲಿಟ್ ಮತ್ತು ಇಡೀ ಮನೆಯ ಕೇಂದ್ರೀಯ ವ್ಯವಸ್ಥೆಗಳದ್ದು.

ಮೊದಲು ಹೇಳಿದ ಇಪ್ಪತ್ತು ಡಾಲರ್‌ನ ಬಿಡಿಭಾಗವೆಂದರೆ ಕೆಪಾಸಿಟರ್. ಹೊರಗಿನ ಘಟಕದಲ್ಲಿ ಕಂಪ್ರೆಸರ್‌ಗೂ ಫ್ಯಾನಿಗೂ ತಿರುಗಲು ಆರಂಭದ ನೂಕುಬಲ ಕೊಡುವ ಡಬ್ಬಿಯಾಕಾರದ ಸಾಧನವಿದು. ಘಟಕ ಗುಂಯ್‌ಗುಡುತ್ತದೆ, ಫ್ಯಾನ್ ಮಾತ್ರ ತಿರುಗುವುದಿಲ್ಲ ಎಂದರೆ ಮೊದಲ ಸಂಶಯ ಇದರ ಮೇಲೆ. ಬದಲಿಸಲು ಅರ್ಧ ಗಂಟೆ ಸಾಕು. ಬಿಲ್ಲು ಮಾತ್ರ ಸಾಮಾನ್ಯವಾಗಿ 150ರಿಂದ 400 ಡಾಲರ್ ನಡುವೆ ಇರುತ್ತದೆ. ಇದನ್ನು ಮೋಸವೆನ್ನಲಾಗದು. ಮೆಕ್ಯಾನಿಕ್‌ನ ಕೂಲಿ, ವ್ಯಾನು, ವಿಮೆ, ಟ್ರಾಫಿಕ್‌ನಲ್ಲಿ ಕಳೆದ ಸಮಯ ಎಲ್ಲವೂ ಆ ಮೊತ್ತದೊಳಗಿವೆ. ಮೋಸವಾಗುವುದು ಬೇರೆ ಕಡೆ: ಕೆಪಾಸಿಟರ್ ಹೋದದ್ದಕ್ಕೆ ‘ಕಂಪ್ರೆಸರ್ ಹೋಗಿದೆ’ ಎಂದಾಗ. ಕಂಪ್ರೆಸರ್ ಬದಲಾವಣೆಗೆ ಸುಮಾರು 1,500ರಿಂದ 3,000 ಡಾಲರ್ ಬೇಕು. ಆ ಅಂಕಿ ಕೇಳಿದವರು ಹೊಸ ಯಂತ್ರದ ಕಡೆಗೇ ವಾಲುತ್ತಾರೆ. ಹಳೆಯ ಕೆಪಾಸಿಟರ್‌ನ ಮೈಮೇಲೆ ಅದರ ಸಾಮರ್ಥ್ಯವನ್ನು ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಮೀಟರ್ ಹಿಡಿದು ಅಳೆದು ತೋರಿಸಿ ಎಂದು ಕೇಳುವುದು ಗ್ರಾಹಕನ ಹಕ್ಕು. ತಾನೇ ಬಿಚ್ಚಿ ನೋಡುವ ಸಾಹಸ ಮಾತ್ರ ಬೇಡ. ವಿದ್ಯುತ್ ನಿಲ್ಲಿಸಿದ ಮೇಲೂ ಅದರಲ್ಲಿ ಪ್ರಾಣಾಪಾಯಕಾರಿ ವಿದ್ಯುತ್ ಉಳಿದಿರಬಹುದು.

ಇನ್ನೊಂದು ದೊಡ್ಡ ಖರ್ಚು ಗ್ಯಾಸಿನದು. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಎಂಬ ಮಾತು ಬೆಂಗಳೂರಿನವರಿಗೂ ಪರಿಚಿತ. ವಾಸ್ತವವಾಗಿ ಎ.ಸಿ.ಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೊಂದು ಬಿಲ್ಲು ಖಚಿತ.

ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಗ್ಯಾಸ್ ಓಜೋನ್ ಪದರಕ್ಕೆ ಹಾನಿ ಮಾಡುವಂಥದ್ದು. ಅಮೆರಿಕದಲ್ಲಿ 2020ರ ಜನವರಿ 1ರಿಂದ ಅದರ ಉತ್ಪಾದನೆ ಮತ್ತು ಆಮದು ನಿಂತಿದೆ. ಹಳೆಯ ದಾಸ್ತಾನು, ಹಳೆಯ ಯಂತ್ರಗಳಿಂದ ಹೀರಿ ಶುದ್ಧೀಕರಿಸಿದ ಗ್ಯಾಸು ಮಾತ್ರ ಲಭ್ಯವಾದ್ದರಿಂದ ಬೆಲೆ ಏರಿದೆ. ಅದರ ಬದಲಿಗೆ ಬಂದ ಆರ್-410ಎ ಓಜೋನ್‌ಗೆ ನಿರಪಾಯಕಾರಿಯಾದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಬಲಿಷ್ಠ. ಹೀಗಾಗಿ 2025ರಿಂದ ಅಲ್ಲಿನ ಹೊಸ ಗೃಹ ಎ.ಸಿ.ಗಳು ಆರ್-32, ಆರ್-454ಬಿಗಳತ್ತ ಹೊರಳಿವೆ. ಹಳೆಯ ಯಂತ್ರಕ್ಕೆ ಹೊಸ ಗ್ಯಾಸ್ ತುಂಬುವಂತಿಲ್ಲ. ಗ್ಯಾಸ್ ಮುಟ್ಟುವ ಮೆಕ್ಯಾನಿಕ್‌ಗೆ ಫೆಡರಲ್ ಪರಿಸರ ನಿಯಮದ ಪ್ರಕಾರ ಪ್ರಮಾಣಪತ್ರವೂ ಬೇಕು. ನೆರೆಮನೆಯ ಕೈಚಳಕದವರನ್ನು ಕರೆದು ಮುಗಿಸುವ ಕೆಲಸವಲ್ಲವಿದು.

ದುರಸ್ತಿ ಬಿಟ್ಟು ಬದಲಾಯಿಸೋಣವೆಂದರೆ ಹಳೆಯ ಮನೆ ಮತ್ತೆ ಅಡ್ಡಬರುತ್ತದೆ. ಎಷ್ಟೋ ಮನೆಗಳ ವಿದ್ಯುತ್ ಫಲಕಕ್ಕೆ ಹೊಸ ಹೊರೆ ತಾಳುವ ಶಕ್ತಿಯಿಲ್ಲ. ಮೇಲಾಗಿ ಮನೆಯೊಳಗಿನ ತಂತಿ ಲೋಹದ ಕೊಳವೆಯಲ್ಲೇ ಹಾಯಬೇಕೆಂಬುದು ಷಿಕಾಗೊದ ಕಟ್ಟುನಿಟ್ಟಿನ ನಿಯಮ. ಅಮೆರಿಕದ ಬಹುತೇಕ ಊರುಗಳಲ್ಲಿ ಸಾಕೆನಿಸುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಅಲ್ಲಿ ಸಲ್ಲದು. ಸುರಕ್ಷತೆಗೆ ಒಳ್ಳೆಯದೇ, ಆದರೆ ಎಲೆಕ್ಟ್ರಿಷಿಯನ್‌ನ ಬಿಲ್ಲು ಬೆಳೆಯುತ್ತದೆ. ಹಳೆಯ ಕೊಳವೆಗಳ ಸುತ್ತ ಕಲ್ನಾರಿನ ಹೊದಿಕೆ ಕಂಡುಬಂದರೆ ಅದನ್ನು ತೆಗೆಯುವ ವೆಚ್ಚ ಬೇರೆ.

ಕಾನೂನೂ ಬಹುಕಾಲ ಚಳಿಯನ್ನೇ ನೋಡುತ್ತಿತ್ತು. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲಲ್ಲಿ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಬಿಸಿ ಒದಗಿಸುವುದು ಬಾಡಿಗೆ ಮನೆಯ ಮಾಲೀಕರ ಕರ್ತವ್ಯ. ತಂಪು ಒದಗಿಸುವ ಕರ್ತವ್ಯ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಅಕಾಲಿಕ ಸೆಕೆ ಬಂದಾಗ ರೋಜರ್ಸ್ ಪಾರ್ಕ್ ಪ್ರದೇಶದ ಹಿರಿಯರ ವಸತಿ ಕಟ್ಟಡವೊಂದರಲ್ಲಿ ಮೂವರು ವೃದ್ಧೆಯರು ಸತ್ತರು. ಹೊರಗೆ ಬಿಸಿಲು, ಒಳಗೆ ಹೀಟರ್ ಇನ್ನೂ ಉರಿಯುತ್ತಿದೆ ಎಂಬುದು ನಿವಾಸಿಗಳ ದೂರಾಗಿತ್ತು. ಮರುತಿಂಗಳೇ ನಗರಸಭೆ ನಿಯಮ ಬದಲಿಸಿ ಹಿರಿಯರ ವಸತಿಗಳಲ್ಲೂ ದೊಡ್ಡ ವಸತಿ ಕಟ್ಟಡಗಳಲ್ಲೂ ಕನಿಷ್ಠ ಒಂದು ಸಾಮಾನ್ಯ ಕೋಣೆಯನ್ನು ತಂಪಾಗಿಡುವುದನ್ನು ಕಡ್ಡಾಯಗೊಳಿಸಿತು. ಸಣ್ಣ ಟೂ-ಫ್ಲಾಟ್‌ನ ಬಾಡಿಗೆದಾರ ಈ ವ್ಯಾಪ್ತಿಯ ಹೊರಗೇ ಉಳಿದ.

ಬಿಲ್ಲನ್ನು ಉಬ್ಬಿಸುವ ಮತ್ತೊಂದು ಸಂಗತಿ ಕಾಲ. ಎಂಟು ತಿಂಗಳು ನಿಂತ ಯಂತ್ರವನ್ನು ಎಲ್ಲರೂ ಚಾಲೂ ಮಾಡುವುದು ಮೊದಲ ಸೆಕೆಯ ದಿನವೇ. ಎಲ್ಲರ ದೂರವಾಣಿಯೂ ಅಂದೇ ಮೊಳಗುತ್ತದೆ. ರಾತ್ರಿ ಅಥವಾ ವಾರಾಂತ್ಯದ ಭೇಟಿಗೆ ಹೆಚ್ಚಿನ ದರ ಬೀಳುತ್ತದೆ. ಹಾಗೆಂದು ಮಾರ್ಚ್‌ನ ಚಳಿಯಲ್ಲೇ ಪರೀಕ್ಷಿಸಲು ಹೋಗಬಾರದು. ತಂಪು ಮಾಡಲೆಂದೇ ಇರುವ ಸಾಧಾರಣ ಯಂತ್ರವನ್ನು ಹೊರಗಿನ ತಾಪ ಸುಮಾರು 15 ಡಿಗ್ರಿಗಿಂತ ಕೆಳಗಿರುವಾಗ ನಡೆಸಿದರೆ ಕಂಪ್ರೆಸರ್‌ಗೇ ಪೆಟ್ಟು ಬೀಳಬಹುದು. ಮೇ ತಿಂಗಳ ಮೊದಲ ಬೆಚ್ಚನೆಯ ಮಧ್ಯಾಹ್ನ ಇದಕ್ಕೆ ತಕ್ಕ ಸಮಯ. ಹೊರಘಟಕದ ಮೇಲಿನ ಚಳಿಗಾಲದ ಹೊದಿಕೆ ತೆಗೆದು, ಒಣ ಎಲೆಗಳನ್ನು ಬಾಚಿ, ಇಲಿ ತಂತಿ ಕಡಿದಿಲ್ಲವೆಂದು ಹೊರಗಿನಿಂದಲೇ ನೋಡಿ, ಹೊಸ ಫಿಲ್ಟರ್ ಹಾಕಿ ಒಂದು ಗಂಟೆ ಓಡಿಸಿದರೆ ದೋಷ ಇದ್ದುದು ಆಗಲೇ ಹೊರಬೀಳುತ್ತದೆ. ಮೆಕ್ಯಾನಿಕ್‌ಗೂ ಆಗ ಬಿಡುವಿರುತ್ತದೆ.