ಮೊದಲ ಸಂದರ್ಶನ

ಸಂಶೋಧನೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಓಲೆಗರಿ, ಶಾಸನ, ಗ್ರಂಥಭಂಡಾರಗಳ ಚಿತ್ರ. ಅವುಗಳ ಎದುರು ಕುಳಿತ ವಿದ್ಯಾರ್ಥಿಗೆ ಅಳುಕಿರುವುದಿಲ್ಲ. ಓಲೆಗರಿ ಅವನನ್ನು ಮರಳಿ ಪ್ರಶ್ನಿಸುವುದಿಲ್ಲ. ಬೇಕೆಂದಾಗ ಬಿಚ್ಚಬಹುದು, ಸಾಕೆನಿಸಿದಾಗ ಕಟ್ಟಿಡಬಹುದು. ಆದರೆ ಇತಿಹಾಸ, ಜಾನಪದ, ಸಮಾಜಶಾಸ್ತ್ರಗಳಿಗೆ ಬೇಕಾದ ಎಷ್ಟೋ ಸಂಗತಿಗಳು ಬದುಕಿರುವವರ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ. ಅವನ್ನರಸಿ ಅಪರಿಚಿತರೊಬ್ಬರ ಜಗಲಿಯ ಮೇಲೆ ಮೊದಲ ಸಲ ಕುಳಿತ ವಿದ್ಯಾರ್ಥಿಯ ಗಂಟಲೊಣಗುತ್ತದೆ. ಬರೆದು ತಂದ ಪ್ರಶ್ನೆಗಳೇ ಮರೆತುಹೋಗುತ್ತವೆ.

ಈ ಭಯದ ಮೂಲವೇನು? ವಿದ್ಯಾರ್ಥಿ ತಾನು ಪರೀಕ್ಷೆಗೆ ಕುಳಿತಿರುವೆನೆಂದು ಭಾವಿಸುತ್ತಾನೆ. ತನ್ನ ಅಜ್ಞಾನ ಎಲ್ಲಿ ಬಯಲಾಗುವುದೋ ಎಂದು ಅಂಜುತ್ತಾನೆ. ವಸ್ತುತಃ ಅಲ್ಲಿ ಬಲ್ಲವರು ಎದುರಿಗಿರುವವರು. ಅವನಿಗೆ ತಿಳಿಯದೆಂಬ ಕಾರಣಕ್ಕಾಗಿಯೇ ಅವನು ಅಲ್ಲಿಗೆ ಹೋಗಿದ್ದಾನೆ. ಇದನ್ನು ಮನಗಂಡರೆ ಅರ್ಧ ಭಯ ಕಳೆಯುತ್ತದೆ.

ಮನಗಾಣದಿದ್ದರೆ ಭಯ ಎರಡು ಬಗೆಯ ಕೇಡು ಮಾಡುತ್ತದೆ. ಮೊದಲನೆಯದು, ಉತ್ತರವನ್ನು ಒಡಲಲ್ಲಿಟ್ಟುಕೊಂಡ ಪ್ರಶ್ನೆ. "ಅಜ್ಜಿ, ಆಗ ಜಮೀನುದಾರರ ದಬ್ಬಾಳಿಕೆ ಬಹಳವಿತ್ತಲ್ಲವೇ?" ಎಂದರೆ "ಹೂಂ ಕಣಪ್ಪ" ಎಂಬ ಉತ್ತರ ಬರುತ್ತದೆ. ಅಲ್ಲಿ ದೊರೆತದ್ದು ಅಜ್ಜಿಯ ಅನುಭವವಲ್ಲ, ವಿದ್ಯಾರ್ಥಿಯ ಅಭಿಪ್ರಾಯದ ಪ್ರತಿಧ್ವನಿ. "ಗದ್ದೆ ಕೆಲಸಕ್ಕೆ ಹೋದರೆ ಕೂಲಿ ಹೇಗೆ ಕೊಡ್ತಿದ್ರು, ಅಜ್ಜಿ?" ಎಂದು ಕೇಳಿದರೆ ಅಳತೆಯ ಸೇರು, ಅಳೆಯುವವನ ಕೈಚಳಕ, ಕಾದು ನಿಂತ ಹೊತ್ತು ಎಲ್ಲವೂ ಹೊರಬರಬಹುದು. ಎರಡನೆಯದು, ಮೌನವನ್ನು ಸಹಿಸಲಾರದಿರುವುದು. ಹೇಳುವವರು ತಡೆದು ನಿಂತಾಗ ಅಂಜಿದ ವಿದ್ಯಾರ್ಥಿ ಮುಂದಿನ ಪ್ರಶ್ನೆಗೆ ಹಾರುತ್ತಾನೆ. ಅವರು ನಿಂತದ್ದು ನೆನಪು ತೆಗೆಯಲೆಂದೋ, ಹೇಳಲೋ ಬೇಡವೋ ಎಂದು ತೂಗಲೆಂದೋ ಇರಬಹುದು. ಆ ಕ್ಷಣ ಕಳೆದರೆ ಮಾತು ಮತ್ತೆ ಅಲ್ಲಿಗೆ ಬಾರದು.

ಕೇಳುವವರು ಯಾರೆಂಬುದು ಉತ್ತರವನ್ನು ಎಷ್ಟು ಬದಲಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನವಿದೆ. ಅಮೆರಿಕದಲ್ಲಿ 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯೊಂದು 17 ರಾಜ್ಯಗಳಲ್ಲಿ, ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ಮಂದಿಯ ಹೇಳಿಕೆಗಳನ್ನು ಸಂಗ್ರಹಿಸಿತು. ಚಾರ್ಲ್ಸ್‌ಟನ್ ನಗರದ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯನ್ನು ಇಬ್ಬರು ಬೇರೆಬೇರೆಯಾಗಿ ಸಂದರ್ಶಿಸಿದರು. ಬಿಳಿಯ ಮಹಿಳೆ ಜೆಸ್ಸಿ ಬಟ್ಲರ್ ಮುಂದೆ ಆಕೆ ತನ್ನ ಒಡೆಯನ ಒಳ್ಳೆಯತನವನ್ನು ಹೇಳಿದಳು. ಕಪ್ಪು ಜನಾಂಗದ ಆಗಸ್ಟಸ್ ಲ್ಯಾಡ್ಸನ್ ಮುಂದೆ ಚಾವಟಿಯ ಏಟುಗಳನ್ನೂ, ಮಾರಾಟದಿಂದ ಅಗಲಿದವರ ಆಕ್ರಂದನವನ್ನೂ ನೆನೆದಳು. ಬಟ್ಲರ್ ಅವರನ್ನು ಪರಿಹಾರ ಕಚೇರಿಯವರೆಂದು ಆಕೆ ಬಗೆದಿದ್ದಳು. ಅವರು ಆ ತಪ್ಪು ತಿಳಿವಳಿಕೆಯನ್ನು ತಿದ್ದಲಿಲ್ಲ. ತುತ್ತು ಕೊಡುವ ಕೈಯೆಂದು ತಿಳಿದವರೆದುರು ಬಡ ಮುದುಕಿ ನಾಲಿಗೆಯನ್ನು ಹಿಡಿದಾಡಿದಳೆಂದರೆ ಆಶ್ಚರ್ಯವಿಲ್ಲ. ಆದುದರಿಂದ ತಾನು ಯಾರು, ಏತಕ್ಕೆ ಬಂದೆ, ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಸುವುದು ಬರಿಯ ಸೌಜನ್ಯವಲ್ಲ, ಸತ್ಯಕ್ಕೆ ಬೇಕಾದ ತಳಪಾಯ.

ನಮ್ಮವರೇ ಆದ ಎಂ. ಎನ್. ಶ್ರೀನಿವಾಸರ ಅನುಭವವೂ ಇದನ್ನೇ ಹೇಳುತ್ತದೆ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. ಊರವರು ಅವರನ್ನು ಬ್ರಾಹ್ಮಣರೆಂದೇ ಕಂಡು, ಅದಕ್ಕೆ ತಕ್ಕ ನಡೆಯನ್ನು ನಿರೀಕ್ಷಿಸಿದರು. ಹರಿಜನರ ಕೇರಿಯೊಡನೆ ಬೇಕಾದಷ್ಟು ಬೆರೆಯಲಾಗದೆ, ತಮ್ಮ ನೋಟ ಮೇಲ್ಜಾತಿಯ ಕಡೆಯಿಂದ ಕಂಡದ್ದೆಂದು ಮುಂದೆ ಅವರೇ ಒಪ್ಪಿಕೊಂಡರು. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರು ಅಣಿಗೊಳಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. 1976ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಗ್ರಂಥ ಹೆಚ್ಚಾಗಿ ನೆನಪಿನ ಬಲದಿಂದಲೇ ರಚಿತವಾದುದು. ಮನಸ್ಸಿಟ್ಟು ಆಲಿಸಿದ್ದು ಬೆಂಕಿಯಲ್ಲೂ ಬೇಯಲಿಲ್ಲ.

ಹಾಗೆಂದು ಹೊಸಬರು ನೆನಪನ್ನೇ ನಂಬಿ ಕೂರಬಾರದು. ಇಂದು ಜೇಬಿನ ದೂರವಾಣಿಯೇ ಧ್ವನಿಮುದ್ರಣ ಯಂತ್ರ. ಆದರೂ ಅಪ್ಪಣೆ ಕೇಳಿಯೇ ಅದನ್ನು ತೆರೆಯಬೇಕು, ಬೇಡವೆಂದರೆ ಮುಚ್ಚಿಡಬೇಕು. ಯಂತ್ರ ಸದ್ದನ್ನು ಹಿಡಿಯುತ್ತದೆ. ಯಾವ ಮಾತಿಗೆ ಸೊಸೆ ಬಾಗಿಲ ಮರೆಗೆ ಸರಿದಳು, ಯಾವ ಹೆಸರು ಬಂದಾಗ ದನಿ ತಗ್ಗಿತು ಎಂಬುದರ ಅರ್ಥವನ್ನು ಹಿಡಿಯುವುದಿಲ್ಲ. ಅದನ್ನು ಅಂದಿನ ರಾತ್ರಿ ಮಲಗುವ ಮುನ್ನವೇ ಬರೆದಿಡಬೇಕು. ಆರಂಭವನ್ನು ಊರು, ಮನೆ, ಕಸುಬುಗಳ ಸುಲಭ ಮಾತಿನಿಂದ ಮಾಡಿ, ನೋವಿನ ಸಂಗತಿಗಳಿಗೆ ಅವರಾಗಿ ಬರುವವರೆಗೆ ಕಾಯಬೇಕು.

ಕೊನೆಯದಾಗಿ, ಬರೆದುಕೊಂಡದ್ದನ್ನು ಮತ್ತೊಮ್ಮೆ ಅದೇ ಜಗಲಿಗೆ ಒಯ್ದು ಓದಿ ಹೇಳಬೇಕು. "ಇದು ಹಾಗಲ್ಲ" ಎಂದರೆ ತಿದ್ದಬೇಕು. "ಇದು ಬೇಡ" ಎಂದರೆ ಅಳಿಸಬೇಕು. ವಿದ್ಯಾರ್ಥಿಗೆ ಅದು ಪದವಿಯ ಒಂದು ಅಧ್ಯಾಯ. ಹೇಳಿದವರಿಗಾದರೋ ಅದು ಅವರ ಬಾಳು; ಅಚ್ಚಾದ ಮೇಲೂ ಅವರು ಅದೇ ಊರಿನಲ್ಲಿ, ಅದೇ ನೆರೆಹೊರೆಯವರ ನಡುವೆ ಬದುಕಬೇಕಾದವರು.